ರವೆ ಹಿಮ

ನಮ್ಮನೆಯವರ ಬೆರಳಿಗೆ ಒಂದು ಕೆಟ್ಟ ಚಾಳಿ ಇದೆ. ಮನೆಯಲ್ಲಿ ಬಾಯ್ಲರ್ ಕೆಟ್ಟರೂ ಸರಿ, ಮಗಳಿಗೆ ಜ್ವರ ಬಂದರೂ ಸರಿ, ಅದು ಡಬ್ಲಿನ್ ಪಕ್ಕದ ನಮ್ಮ ಲೂಕನ್ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಹೋಗಲೇಬೇಕು. ಆ ಶುಕ್ರವಾರ ಸಂಜೆ ನಾನು ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ, ಬಸ್ಸು ಬದಲಾಯಿಸಿಕೊಂಡು ಮನೆ ಸೇರುವಷ್ಟರಲ್ಲಿ ಭಾಸ್ಕರ ಹಾಕಿಯೇಬಿಟ್ಟಿದ್ದರು. "ನಾಳೆ ಬೆಳಿಗ್ಗೆ ನಮ್ಮ ಹರ್ಷನ್ನ ವಿಕ್ಲೋ ಬೆಟ್ಟಕ್ಕೆ ಸ್ಕೀ ಮಾಡಕ್ಕೆ ಕರ್ಕೊಂಡು ಹೋಗ್ತಿದೀವಿ. ನಿಮ್ಮೆಲ್ಲರ ಹಾರೈಕೆ ಇರಲಿ." ಅದರ ಕೆಳಗೆ ಕೈ ಮುಗಿದ ಚಿತ್ರಗಳು, ಕೆಂಪು ಹೃದಯಗಳು. ಆಮೇಲೆ ಒಂದೊಂದಾಗಿ ನಾವೂ ಬರ್ತೀವಿ, ನಾವೂ ಬರ್ತೀವಿ.

"ಯಾರ್ರೀ ಕೇಳಿದ್ದು ನಿಮ್ಮನ್ನ?" ಅಂದೆ. ಇನ್ನೂ ಕೋಟು ಬಿಚ್ಚಿರಲಿಲ್ಲ.

"ಪ್ರೀತಿಯಿಂದ ಬರ್ತಾರೆ ಕಣೇ. ಅವನಿಗೂ ಖುಷಿ ಆಗುತ್ತೆ."

"ಅಷ್ಟೊಂದು ಪ್ರೀತಿ ಇದ್ರೆ ಅವರವರ ಮನೇಲಿ ಕೂತು ಮಾಡ್ಲಿ."

ಸೋಫಾದ ಮೇಲೆ ಕೂತು, ಸ್ನೋ ಮೇಲೆ ಜಾರೋ ಸ್ಕೀ ಹಲಗೆಗೆ ಮೇಣ ತಿಕ್ಕುತ್ತಿದ್ದ ಹರ್ಷ ನಕ್ಕುಬಿಟ್ಟ. "ಬಿಡು ಅಕ್ಕ, ಗ್ರ್ಯಾಂಡ್," ಅಂದ. ಈ ದೇಶದಲ್ಲಿ ಎಲ್ಲವೂ ಗ್ರ್ಯಾಂಡೇ. ಮಳೆ ಸುರಿದ್ರೆ ಗ್ರ್ಯಾಂಡ್, ಕೈ ಮುರಿದ್ರೂ ಗ್ರ್ಯಾಂಡ್. ನನ್ನ ತಮ್ಮ ಅದನ್ನ ಚೆನ್ನಾಗಿ ಕಲಿತುಬಿಟ್ಟಿದ್ದ.

ಶ್ರೀಹರ್ಷ ನನಗೆ ಒಬ್ಬನೇ ತಮ್ಮ. ಗಾಲ್ವೇಯಲ್ಲಿ ಹೃದಯಕ್ಕೆ ಹಾಕುವ ಸ್ಟೆಂಟ್ ಮಾಡೋ ಒಂದು ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ. ಹೋದ ಬೇಸಿಗೆಯಲ್ಲಿ ಅವನ ಬಲಪಾದ ಮೆಟ್ಟಿಲಿಗೆ ತಾಗಿ ಎಡವೋದು ಶುರುವಾಯ್ತು. ಶೂ ಸರಿ ಇಲ್ಲ ಅಂದ. ಹೊಸ ಶೂ ತಗೊಂಡ. ಆಮೇಲೆ ಎಡಪಾದವೂ ಹಾಗೇ ಆಯ್ತು. ಮೆದುಳು ಹೇಳಿದ್ದನ್ನ ಸ್ನಾಯುವಿಗೆ ಮುಟ್ಟಿಸೋ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಅದು. ಮೊದಲು ಪಾದ, ಆಮೇಲೆ ತೊಡೆ, ಕೈ, ಮಾತು, ಕೊನೆಗೆ ಉಸಿರು. ವಾಸಿ ಮಾಡೋ ಔಷಧಿ ಇಲ್ಲ. ನಾನು ನರ್ಸ್. ಈ ಕಾಯಿಲೆಯವರನ್ನ ಮಂಚದ ಪಕ್ಕ ನಿಂತು ನೋಡಿದವಳು. ಡಾಕ್ಟರು ಬಾಯಿ ಬಿಡೋ ಮುಂಚೆಯೇ ನನಗೆ ಗೊತ್ತಾಗಿತ್ತು. ಅವತ್ತು ಆಸ್ಪತ್ರೆಯ ಟಾಯ್ಲೆಟ್‌ನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಕ್ರಿಸ್‌ಮಸ್ ಹೊತ್ತಿಗೆ ಅವನನ್ನ ಗಾಲ್ವೇಯಿಂದ ನಮ್ಮ ಮನೆಗೇ ಕರ್ಕೊಂಡು ಬಂದ್ವಿ.

ಈ ಸ್ಕೀ ಹುಚ್ಚು ಅವನಿಗೆ ಎಲ್ಲಿಂದ ಅಂಟಿತೋ ದೇವರಿಗೇ ಗೊತ್ತು. ತುಮಕೂರಿನವರು ನಾವು. ನಮಗೆ ಸ್ನೋ ಅಂದ್ರೆ ಐಸ್‌ಕ್ಯಾಂಡಿ ಗಾಡಿಯ ಡಬ್ಬದೊಳಗೆ ಅಂಟಿಕೊಂಡಿರೋ ಬಿಳಿ ಪುಡಿ. ಚಿಕ್ಕವನಿದ್ದಾಗ ಇವನು ಅದನ್ನ ಉಗುರಲ್ಲಿ ಕೆರೆದು ತಿಂದು ಗಾಡಿಯವನ ಹತ್ರ ಬೈಸ್ಕೋತಿದ್ದ. ಐರ್ಲೆಂಡಿಗೆ ಬಂದ ಮೇಲೆ, ಡಬ್ಲಿನ್ ಹೊರಗೆ ಗುಡ್ಡಕ್ಕೆ ಪ್ಲಾಸ್ಟಿಕ್ ಬ್ರಷ್ ಹಾಸಿರೋ ಒಂದು ಜಾಗ ಇದೆ, ಅಲ್ಲಿ ಬಿದ್ದು ಎದ್ದು ಮಂಡಿ ತರಚಿಕೊಂಡು ಕಲಿತ. ಆಮೇಲೆ ಪ್ರತಿ ವರ್ಷ ಮಾರ್ಚ್ ಕೊನೆಗೆ ಆಸ್ಟ್ರಿಯಾದ ಒಂದು ಬೆಟ್ಟದ ರೆಸಾರ್ಟಿಗೆ ಓಡೋದು. ಮದುವೆ ಮಾಡ್ಕೊಳ್ಳೋ ಅಂದ್ರೆ, "ಮಾರ್ಚಲ್ಲಿ ಬಿಡುವಿಲ್ಲ ಅಕ್ಕ, ಮಿಕ್ಕಿದ ತಿಂಗಳಲ್ಲಿ ನೋಡು," ಅಂತಿದ್ದ. ಅಲ್ಲಿಂದ ಮೂಗಿನ ತುದಿ ಸುಟ್ಟುಕೊಂಡು ಬರ್ತಿದ್ದ. ಬಂದವನೇ ನಮ್ಮ ಅಡುಗೆಮನೆಯಲ್ಲಿ ನಿಂತು ಪಾಠ ಶುರು ಮಾಡ್ತಿದ್ದ. ನಾವೆಲ್ಲ ಸ್ನೋ ಅಂದ್ರೆ ಅವನೊಬ್ಬ ಹಿಮ ಅಂತಿದ್ದ.

ಒಂದು ಸಲ ಉಪ್ಪಿಟ್ಟಿಗೆ ಅಂತ ನಾನು ಬನ್ಸಿ ರವೆ ಹುರಿಯುತ್ತಿದ್ದಾಗ ಬಾಣಲೆಗೇ ಕೈ ಹಾಕಿ ಒಂದು ಹಿಡಿ ತಗೊಂಡ. "ನೋಡಕ್ಕ, ಇದೇ. ವಸಂತದಲ್ಲಿ ಹಿಮ ರಾತ್ರಿ ಹೆಪ್ಪುಗಟ್ಟುತ್ತೆ. ಬೆಳಿಗ್ಗೆ ಗಾಜು. ಅದರ ಮೇಲೆ ನಡೆದ್ರೆ ಕಟಕಟ ಅನ್ನುತ್ತೆ, ಸ್ಕೀ ಹಾಕಿದ್ರೆ ಜಾರಿ ಸೊಂಟ ಮುರೀತೀಯ. ಮಧ್ಯಾಹ್ನ ನೀರಾಗಿ ಪಚಪಚ, ಕಾಲು ಹೂತು ಹೋಗುತ್ತೆ. ಈ ಎರಡರ ನಡುವೆ ಬಿಸಿಲು ತಾಗಿ ಮೇಲಿನ ಒಂದೆರಡು ಇಂಚು ಮಾತ್ರ ಈ ರವೆ ಥರ ಬಿಡಿಬಿಡಿ ಆಗುತ್ತೆ. ಆಗ ಸರಸರ ಅಂತ ಸದ್ದು ಬರುತ್ತೆ. ಆ ಸರಸರ ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತೆ ಅಂತ ಹುಡುಕ್ಕೊಂಡು ಹೋಗೋದೇ ಆಟ."

"ಅದೆಲ್ಲ ಸರಿ, ಬಿಸಿ ರವೆ ಕಣೋ, ಕೈ ಸುಡಲ್ವಾ?" ಅಂದೆ. ಸುಟ್ಟಿತ್ತು. ಮಾತಿನ ಭರದಲ್ಲಿ ಅವನಿಗೇ ಗೊತ್ತಾಗಿರಲಿಲ್ಲ.

ಈ ವರ್ಷವೂ ಆಸ್ಟ್ರಿಯಾಗೆ ಟಿಕೆಟ್ ಆಗಿತ್ತು. ಅಷ್ಟು ಎತ್ತರಕ್ಕೆ ಹೋದ್ರೆ ಉಸಿರಾಟಕ್ಕೆ ತೊಂದರೆ, ಬೇಡವೇ ಬೇಡ ಅಂದ್ರು ಡಾಕ್ಟರು. ಹರ್ಷ ಗ್ರ್ಯಾಂಡ್ ಅಂದ. ಸ್ಕೀಗಳನ್ನ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕಸ ಎಳೆಯೋ ಹೂವರ್ ಪಕ್ಕ ಇಟ್ಟ. ಅಷ್ಟೇ, ಮುಗೀತು ಅಂತ ನಾನೂ ಅಂದ್ಕೊಂಡೆ. ಆಗ ಮಾರ್ಚ್ ಕೊನೇ ವಾರ ಪೂರ್ವದಿಂದ ಕೊರೆಯೋ ಗಾಳಿ ಬಂದು, ಲೂಕನ್‌ನಲ್ಲಿ ಆಲಿಕಲ್ಲು ಬಿದ್ದು, ವಿಕ್ಲೋ ಬೆಟ್ಟದ ಮೇಲೆ ಎಲ್ಲ ಬೆಳ್ಳಗಾಯ್ತು. ಬೇರೆ ಕಡೆ ಕರಗಿದ್ರೂ ಬೆಟ್ಟಗಳ ನಡುವೆ ಹಾಯೋ ವಿಕ್ಲೋ ಗ್ಯಾಪ್ ರಸ್ತೆಯ ಪಕ್ಕದ ಒಂದು ಇಳಿಜಾರಿನ ಕೊರಕಲಿನಲ್ಲಿ ಗಾಳಿ ತಂದು ಗುಡ್ಡೆ ಹಾಕಿದ ಸ್ನೋ ಉಳಿದುಬಿಟ್ಟಿತ್ತು. ಯಾರೋ ಫೋಟೋ ಹಾಕಿದ್ದನ್ನ ಹರ್ಷ ನೋಡಿದ. ಆ ಸಂಜೆ ಗೋಡೆ ಹಿಡ್ಕೊಂಡು ಅಡುಗೆಮನೆಗೆ ಬಂದ.

"ಅಕ್ಕ, ಸ್ಕೀ ಬೂಟು ಅಂದ್ರೆ ಗೊತ್ತಲ್ಲ. ಕಲ್ಲಿನ ಥರ. ಪಾದ ಅಲ್ಲಾಡಕ್ಕೇ ಬಿಡಲ್ಲ. ಅದು ಹಾಕ್ಕೊಂಡ್ರೆ ನನ್ನ ಪಾದ ಹೋಗಿರೋದು ಹಿಮಕ್ಕೆ ಗೊತ್ತೇ ಆಗಲ್ಲ. ತೊಡೆ ಇನ್ನೂ ಇದೆ. ಮುಂದಿನ ತಿಂಗಳು ಇರಲ್ಲ. ಒಳ್ಳೆ ಹಿಮ ಸಿಕ್ಕಿದ್ರೆ ಹಲಗೆ ತಾನೇ ತಿರುಗುತ್ತೆ, ಬಲ ಬೇಕಾಗಲ್ಲ. ಕೆಟ್ಟ ಹಿಮ ಆದ್ರೆ ನನ್ನ ಕೈಲಿ ಆಗಲ್ಲ. ಅದಕ್ಕೆ ಬೇಗ ಹೋಗಿ ಅಲ್ಲಿ ಕಾಯಬೇಕು. ಒಂದೇ ಒಂದು ಸಲ ಇಳೀತೀನಿ. ಕರ್ಕೊಂಡು ಹೋಗ್ತೀಯಾ?"

ಅವನು ನನ್ನ ಹತ್ರ ಏನನ್ನೂ ಕೇಳಿದವನಲ್ಲ. ಹೂಂ ಅಂದೆ. ಬೇರೆ ಏನು ಅನ್ನಲಿ?

ಶನಿವಾರ ಬೆಳಿಗ್ಗೆ ನಾವು ರೆಡಿ. ಹರ್ಷ ಎಲ್ಲರಿಗಿಂತ ಮುಂಚೆ ಎದ್ದು, ಪಾದ ಜೋಲದ ಹಾಗೆ ಹಿಡಿಯೋ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ದ. ಹೊರಗೆ ಕಾರುಗಳ ಗಾಜಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಅದನ್ನ ನೋಡಿ ಅವನ ಮುಖದಲ್ಲಿ ಎಂಥ ಕಳೆ ಬಂತು ಅಂತೀರಿ! "ಇವತ್ತು ಸಿಗುತ್ತೆ ಅಕ್ಕ," ಅಂದ.

ಆಮೇಲೆ ನಮ್ಮ ಜನ ಬಂದ್ರು.

ಮೊದಲು ಅನಿಲ್ ಮತ್ತು ಅಪೂರ್ವಾ, ಕೈಗೂಸಿನ ಜೊತೆ. ಬಂದ್ರು ಅಂದ್ರೆ, ಬಂದು ಮಗುವಿನ ಹಾಲಿನ ಬಾಟಲಿ ಮರೆತು ವಾಪಸ್ ಹೋದ್ರು. ಆಮೇಲೆ ಎದುರುಮನೆ ಗುರುಪ್ರಸಾದ, ಅವನ ತಾಯಿ ಚನ್ನಮ್ಮ. ಚನ್ನಮ್ಮನವರು ಮಂಡ್ಯದಿಂದ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಹರ್ಷನ ವಿಷಯ ಅವರಿಗೆ ಯಾರು ಹೇಳಿದ್ರೋ, ನಸುಕಿನಲ್ಲೇ ಎದ್ದು ದೊಡ್ಡ ಪಾತ್ರೆ ತುಂಬಾ ಪುಳಿಯೋಗರೆ ಕಲಸಿದ್ದರು. ಅದು ಸಾಲದು ಅಂತ ಬಿಸಿ ಇಡ್ಲಿ. "ಖಾಲಿ ಹೊಟ್ಟೇಲಿ ಬೆಟ್ಟ ಹತ್ತಬಾರದು ಮಗಾ. ಎರಡು ತಿಂದ್ಕೊಂಡೇ ಹೊರಡು," ಅಂತ ಹರ್ಷನ ಮುಂದೆ ತಟ್ಟೆ ಹಿಡಿದರು. ಅವನು ಗಡಿಯಾರ ನೋಡಿದ, ಅವರ ಮುಖ ನೋಡಿದ, ತಿಂದ. ಅವನು ತಿಂದ ಮೇಲೆ ಎಲ್ಲರೂ ತಿನ್ನಬೇಕಲ್ಲ. ತಟ್ಟೆ, ಲೋಟ, ಚಟ್ನಿ ಇನ್ನೊಂಚೂರು ಅಂತ ನನ್ನ ಹಾಲ್ ಮದುವೆಮನೆ ಆಯ್ತು.

"ಹೊರಡೋಣ್ವಾ?" ಅಂದೆ. ಹೊರಗೆ ಗಾಜಿನ ಮೇಲಿನ ಇಬ್ಬನಿ ಆಗಲೇ ಕರಗಿ ಇಳೀತಿತ್ತು.

ಆಗ ಗುರುಪ್ರಸಾದನ ಹೊಸ ಎಲೆಕ್ಟ್ರಿಕ್ ಕಾರಿನ ವಿಷಯ ಬಂತು. ವಾರದ ಹಿಂದೆ ತಗೊಂಡಿದ್ದ. ಅದರಲ್ಲಿ ಇದೇ ಮೊದಲನೇ ದೂರದ ಪ್ರಯಾಣ. ಚನ್ನಮ್ಮನವರು ನಿಂಬೆಹಣ್ಣು ಇಡದೆ ಕಾರು ಮುಂದೆ ಹೋಗಬಾರದು ಅಂದ್ರು. ನಾಲ್ಕು ಚಕ್ರ, ಮನೆಯಲ್ಲಿದ್ದ ನಿಂಬೆಹಣ್ಣು ಮೂರು. ಉಳಿದದ್ದನ್ನ ಚನ್ನಮ್ಮನವರು ಪುಳಿಯೋಗರೆಯ ಜೊತೆಗೆ ಕೊಡೋ ಪಾನಕಕ್ಕೆ ಹಿಂಡಿಬಿಟ್ಟಿದ್ದರು.

"ಮೂರಕ್ಕೆ ಇಟ್ಟು ನಾಲ್ಕನೇದಕ್ಕೆ ಕಿತ್ತಳೆ ಇಡ್ರೀ," ಅಂದೆ. ನನ್ನ ದನಿ ಏರಿತ್ತು.

"ಸಾವಿತ್ರಿ, ಪ್ಲೀಸ್, ಅಮ್ಮ ಬೇಜಾರ್ ಮಾಡ್ಕೋತಾರೆ. ಐದೇ ನಿಮಿಷ," ಅಂತ ಗುರುಪ್ರಸಾದ ಅಂಗಡಿಗೆ ಓಡಿದ. ಅನಿಲನ ಕಾರು ಇನ್ನೂ ಬಂದಿರಲಿಲ್ಲ.

ನಾನು ಹರ್ಷನ ಹತ್ರ ಹೋಗಿ ಬಗ್ಗಿದೆ. "ಏಳೋ. ಇವರೆಲ್ಲ ಆಮೇಲೆ ಬರ್ಲಿ. ನಾವು ಹೋಗೋಣ."

"ಬೇಡ ಅಕ್ಕ. ಆಯಮ್ಮ ನಾಲ್ಕು ಗಂಟೆಗೆ ಎದ್ದಿದಾರಂತೆ ನನಗೋಸ್ಕರ. ಬಿಟ್ಟು ಹೋದ್ರೆ ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ! ನಿನ್ನ ಹಿಮ ಕಾಯುತ್ತೇನೋ?"

"ಇರಲಿ ಬಿಡು." ಅವನು ಬೂಟಿನ ಚೀಲ ತೊಡೆ ಮೇಲೆ ಇಟ್ಕೊಂಡು ಕೂತೇ ಇದ್ದ. ಸಂಕೋಚ ಅನ್ನೋದು ನಮ್ಮ ಜನಕ್ಕೆ ಆ ನರದ ಕಾಯಿಲೆಗಿಂತ ಕೆಟ್ಟದ್ದು. ಬಂದವರಿಗೆ ನಾವು ತಡ ಮಾಡ್ತಿದೀವೇನೋ ಅಂತ ಕೇಳಕ್ಕೆ ಸಂಕೋಚ, ಇವನಿಗೆ ಹೌದು ಅನ್ನಕ್ಕೆ ಸಂಕೋಚ.

ನಿಂಬೆಹಣ್ಣು ಬಂತು, ಚಕ್ರದ ಕೆಳಗೆ ಒಡೀತು, ಚನ್ನಮ್ಮನವರು ಕರ್ಪೂರ ಹಚ್ಚಿದ್ರು. ಪಕ್ಕದ ಮನೆಯ ಐರಿಷ್ ಮುದುಕಿ ಕಿಟಕಿಯಿಂದ ನೋಡಿ ಕೈ ಬೀಸಿದಳು. ಅನಿಲನ ಕಾರೂ ಬಂತು. ಅಂತೂ ಹೊರಟ್ವಿ. ಬ್ಲೆಸಿಂಗ್‌ಟನ್ ಹತ್ರ ಗುರುಪ್ರಸಾದ ಫೋನ್ ಮಾಡಿದ. ನಿನ್ನೆ ಚಾರ್ಜ್‌ಗೆ ಹಾಕೋದು ಮರೆತಿದ್ದನಂತೆ, ಸ್ವಲ್ಪ ನಿಲ್ಲಿಸಬೇಕಂತೆ. ನಿಲ್ಲಿಸಿದ್ವಿ. ಭಾಸ್ಕರ ಸ್ಟೇರಿಂಗ್ ಹಿಡ್ಕೊಂಡು ನನ್ನ ಕಡೆ ತಿರುಗಲೇ ಇಲ್ಲ. ತಿರುಗಿದ್ರೆ ಏನು ಕಾದಿದೆ ಅಂತ ಅವರಿಗೆ ಗೊತ್ತಿತ್ತು. ಹಿಂದಿನ ಸೀಟಲ್ಲಿ ಹರ್ಷ ಕಿಟಕಿ ಗಾಜು ಇಳಿಸಿ, ಕೈ ಹೊರಗೆ ಹಾಕಿ ಬಿಸಿಲನ್ನ ಮುಟ್ಟಿ ನೋಡ್ತಿದ್ದ. ನಮ್ಮ ಮಗಳು ಕೃತಿ ಇಯರ್‌ಫೋನ್ ತೆಗೆದು ಕೇಳಿದಳು, "ಈಸ್ ಇಟ್ ಟೂ ವಾರ್ಮ್, ಮಾಮ?"

"ಗ್ರ್ಯಾಂಡ್ ಪುಟ್ಟಿ," ಅಂದ. ಆದ್ರೆ ಕೈ ಒಳಗೆ ತಗೊಳ್ಳಲಿಲ್ಲ.

ವಿಕ್ಲೋ ಗ್ಯಾಪ್ ಸೇರಿದಾಗ ಮಧ್ಯಾಹ್ನ. ಕಾರ್ ಪಾರ್ಕ್‌ನಿಂದಲೇ ಕಾಣಿಸಿತು. ಕಂದು ಬೆಟ್ಟದಲ್ಲಿ ಒಂದು ಉದ್ದನೆಯ ಬಿಳಿ ಪಟ್ಟಿ, ಮೇಲಿಂದ ಹೆಚ್ಚುಕಮ್ಮಿ ರಸ್ತೆಯ ಅಂಚಿನವರೆಗೆ. ಹತ್ತಿರ ಹೋದ್ರೆ ಅದರ ಅಂಚಿಂದೆಲ್ಲ ನೀರು ಹರೀತಿತ್ತು. ಮಧ್ಯೆ ಮಧ್ಯೆ ಪೊದೆಗಳ ತಲೆ ಎದ್ದಿತ್ತು. ಆ ಬಿಳಿಯ ಮೇಲೆ ಜೋಡಿ ಜೋಡಿ ಗೆರೆಗಳು ಬಳುಕಿ ಬಳುಕಿ ಕೆಳಗಿಳಿದಿದ್ದವು. ಯಾರೋ ಆಗಲೇ ಸ್ಕೀ ಮಾಡಿ ಹೋಗಿದ್ದರು.

ನಾಯಿ ಹಿಡ್ಕೊಂಡು ಇಳಿದು ಬರ್ತಿದ್ದ ಒಬ್ಬ ಐರಿಷ್ ಗಂಡಸು ಹರ್ಷನ ಸ್ಕೀ ನೋಡಿ ನಿಂತ. ಬೆಳಿಗ್ಗೆ ಬಂದಿದ್ರೆ ಎಷ್ಟು ಚೆನ್ನಾಗಿತ್ತು ಅಂದ. ಒಂದು ಗಂಟೆ ಹೊತ್ತು ಸಕ್ಕರೆ ಹಾಗಿತ್ತಂತೆ. ಇಬ್ಬರು ಹುಡುಗರು ಇಳಿದು, ಹತ್ತಿ, ಮತ್ತೆ ಇಳಿದು ಕೂಗಾಡಿಕೊಂಡು ಹೋದರಂತೆ. "ಯು ಜಸ್ಟ್ ಮಿಸ್ಡ್ ಇಟ್, ಲ್ಯಾಡ್ಸ್," ಅಂತ ನಾಯಿ ಎಳ್ಕೊಂಡು ಹೋದ.

ಕೃತಿ ಶೂ ತುದಿಯಿಂದ ಒದ್ದು ನೋಡಿ, "ಇಟ್ಸ್ ಪ್ಯೂರ್ ಸ್ಲಶ್, ಲೈಕ್," ಅಂದಳು. ಅವಳ ಕಾಲ ಕೆಳಗೆ ಪಚಪಚ ಅಂತು.

ಹರ್ಷನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. "ಇವತ್ತು ಬೇಡ," ಅಂತ ಅವನ ಬಾಯಿ ತುದಿಗೆ ಬಂದಿದ್ದು ನನಗೆ ಕಾಣಿಸಿತು. ಆದರೆ ಅಷ್ಟರಲ್ಲಿ ಅನಿಲ್ ಫೋನ್ ಎತ್ತಿ ವಿಡಿಯೋ ಶುರು ಮಾಡಿದ್ದ. ಗುರುಪ್ರಸಾದ ಚಪ್ಪಾಳೆ ತಟ್ಟಿ "ಕಮಾನ್ ಹರ್ಷ!" ಅಂದ. ಚನ್ನಮ್ಮನವರು ಸೀರೆ ಮೇಲೆ ಮಗನ ಜಾಕೆಟ್ ಹಾಕ್ಕೊಂಡು, ಕಾಲಿಗೆ ಎರಡೆರಡು ಸಾಕ್ಸ್ ಏರಿಸ್ಕೊಂಡು, ಚಳಿಯಲ್ಲಿ ನಡುಗ್ತಾ ನಗ್ತಾ ನಿಂತಿದ್ದರು. ಅಷ್ಟು ಜನ ಅವನಿಗೋಸ್ಕರ ಬಂದಿದ್ದರು. ಬೇಡ ಅನ್ನೋಕೆ ನನ್ನ ತಮ್ಮನಿಗೆ ಬರಲಿಲ್ಲ.

ನಾನೇ ಅವನಿಗೆ ಬೂಟು ಹಾಕಿದೆ. ಭಾಸ್ಕರ, ಗುರುಪ್ರಸಾದ ಎರಡು ಕಡೆ ಹಿಡಿದು ಸ್ವಲ್ಪ ಮೇಲಕ್ಕೆ ಕರ್ಕೊಂಡು ಹೋದರು. ಹಲಗೆ ಮೇಲೆ ನಿಂತಾಗ ಹರ್ಷನ ಬೆನ್ನು ನೆಟ್ಟಗಾಯ್ತು. ತಿಂಗಳುಗಟ್ಟಲೆ ಅವನು ಹಾಗೆ ನಿಂತಿದ್ದನ್ನ ನಾನು ನೋಡಿರಲಿಲ್ಲ. ಒಂದು ಕ್ಷಣ ನನಗೂ ಆಸೆ ಆಯ್ತು, ಸುಳ್ಳು ಯಾಕೆ ಹೇಳಲಿ. ಕೈ ಬಿಡಿ ಅಂದ, ಬಿಟ್ಟರು. ಕೆಳಗೆ ಜಾರಿದ, ಒಂದು ಕಾರಿನುದ್ದ. ಅಲ್ಲಿ ಬಲಗಾಲಿನ ಹಲಗೆ ಕೆಸರಾದ ಸ್ನೋ ಒಳಗೆ ನುಗ್ಗಿ ನಿಂತುಬಿಡ್ತು. ಎಡಗಾಲು ಮುಂದೆ ಹೋಯ್ತು. ತೊಡೆ ಬಿಗಿ ಹಿಡಿದು ತಿರುಗಿಸಕ್ಕೆ ನೋಡಿದ, ಕತ್ತಿನ ನರ ಉಬ್ಬಿತು, ತಿರುಗಲಿಲ್ಲ. ಮಗ್ಗುಲಾಗಿ ಬಿದ್ದ.

ಬಿದ್ದವನು ಏಳಕ್ಕೆ ನೋಡಿದ. ಅದನ್ನ ಹೇಗೆ ಹೇಳೋದು. ಮತ್ತೆ ಮತ್ತೆ ಮಂಡಿ ಊರಿದ, ಮತ್ತೆ ಮತ್ತೆ ಕಾಲು ಹೂತುಕೊಳ್ತು. "ಯಾರೂ ಬರಬೇಡಿ, ನಾನೇ ಏಳ್ತೀನಿ," ಅಂತ ಕೂಗಿದ. ಯಾರೂ ಹೋಗಲಿಲ್ಲ. ಅನಿಲನ ಕೈಯಲ್ಲಿದ್ದ ಫೋನ್ ಮೆಲ್ಲಗೆ ಕೆಳಗಿಳೀತು. ಹರ್ಷನ ತೊಡೆಯ ಬಲವೆಲ್ಲ ಆ ಕೆಸರಿನಲ್ಲಿ ಖರ್ಚಾಗಿ ಹೋಗ್ತಾ ಇರೋದನ್ನ ಎಲ್ಲರೂ ನಿಂತು ನೋಡಿದ್ವಿ. ಕೊನೆಗೆ ನನಗೆ ತಡ್ಕೊಳಕ್ಕೆ ಆಗಲಿಲ್ಲ. "ನಿಂತ್ಕೊಂಡು ಏನ್ ನೋಡ್ತಿದೀರಾ, ಎತ್ತಿ ಅವನನ್ನ!" ಅಂತ ಕಿರುಚಿದೆ. ಮೂರು ಗಂಡಸರು ಸೇರಿ ಎತ್ತಿಕೊಂಡು ಬಂದು ಕಾರಿನ ಸೀಟಿಗೆ ಹಾಕಿದರು.

ಚನ್ನಮ್ಮನವರು ಅವನ ಬೂಟು ಬಿಚ್ಚಿಸಿ ಒದ್ದೆ ಪಾದಗಳನ್ನ ತಮ್ಮ ಮಡಿಲಲ್ಲಿ ಇಟ್ಕೊಂಡು ಸೆರಗಿನಿಂದ ಒರೆಸಿದರು. ಹರ್ಷ ಬೇಡಮ್ಮ ಬೇಡಮ್ಮ ಅಂತಿದ್ದ. "ಸುಮ್ನಿರು. ನಿನ್ನಂಥ ಮಗನ ಕಾಲು ಒರೆಸಿದ್ರೆ ನಂಗೇನಾಗುತ್ತೆ," ಅಂದ್ರು, ಕಣ್ಣು ತುಂಬಿಕೊಂಡು. ಆಯಮ್ಮನ ಮೇಲೆ ಎಷ್ಟು ಸಿಟ್ಟಿತ್ತು ನನಗೆ. ಆ ಸಿಟ್ಟನ್ನ ಎಲ್ಲಿಡೋದು ಅಂತ ಗೊತ್ತಾಗದೆ ಭಾಸ್ಕರನ ಮೇಲೆ ಹಾಕಿದೆ. "ಗ್ರೂಪಿಗೆ ಹಾಕಿ, ಹಾಕಿ ಈಗ. ನಮ್ಮ ಹರ್ಷ ಬಿದ್ದ ಅಂತ ಹಾಕಿ, ಎಲ್ಲರೂ ಹಾರೈಸ್ತಾರೆ!" ಅವರು ತಲೆ ಎತ್ತಲಿಲ್ಲ. ನಿಂತಲ್ಲೇ ಅಳ್ತಿದ್ದರು. ಇಪ್ಪತ್ತು ವರ್ಷ ಸಂಸಾರ ಮಾಡಿದ್ರೂ ಆ ಮನುಷ್ಯ ಅಳೋದನ್ನ ನಾನು ನೋಡಿರಲಿಲ್ಲ.

ಎಲ್ಲರೂ ಕಾರುಗಳ ಮರೆಯಲ್ಲಿ ನಿಂತು ಪುಳಿಯೋಗರೆ ತಿಂದ್ವಿ. ಹರ್ಷ ಚೆನ್ನಾಗಿದೆ ಅಂತ ಇನ್ನೊಂದು ಸಲ ಹಾಕಿಸ್ಕೊಂಡ.

ಮನೆಗೆ ಬಂದ ಮೇಲೆ, ಎಲ್ಲರೂ ಹೋದ ಮೇಲೆ ನನ್ನನ್ನ ಕರೆದ. "ಅಕ್ಕ, ಇವತ್ತೂ ಆಕಾಶ ತಿಳಿಯಾಗಿದೆ. ಮತ್ತೆ ಹೆಪ್ಪುಗಟ್ಟುತ್ತೆ. ನಾಳೆ ಬೆಳಿಗ್ಗೆ ಇನ್ನೊಂದ್ಸಲ ರವೆ ಆಗುತ್ತೆ. ಸೋಮವಾರದಿಂದ ಮಳೆಯಂತೆ, ಆಮೇಲೆ ಏನೂ ಇರಲ್ಲ. ನಾವಿಬ್ಬರೇ ಹೋಗೋಣ. ಭಾವನಿಗೂ ಹೇಳಬೇಡ."

ಭಾನುವಾರ ನಸುಕಿನಲ್ಲಿ ಮೆಟ್ಟಿಲ ಮೇಲೆ ಏನೋ ಸದ್ದಾಯ್ತು. ಹೋಗಿ ನೋಡಿದ್ರೆ ಹರ್ಷ ಕೂತ್ಕೊಂಡೇ ಒಂದೊಂದು ಮೆಟ್ಟಿಲು ಜಾರಿ ಇಳಿದು ಬರ್ತಿದ್ದ. ನಿನ್ನೆಯವರೆಗೂ ನಡೆದೇ ಇಳೀತಿದ್ದವನು. ನಾನು ಕೈ ಇಟ್ಟು ನೋಡಿದೆ. ತೊಡೆಯ ಸ್ನಾಯು ಬಟ್ಟೆಯೊಳಗೆ ಹುಳ ಹರಿದಂಗೆ ಅದುರುತ್ತಿತ್ತು. ನರ್ಸಿಗೆ ಅದರ ಅರ್ಥ ಗೊತ್ತಾಗಲ್ವಾ? ಈ ಕಾಯಿಲೆಯಲ್ಲಿ ಮೈಮೀರಿ ದಣಿದ ಸ್ನಾಯು ಎಲ್ಲರ ಹಾಗೆ ಮಾರನೇ ದಿನ ಎದ್ದು ನಿಲ್ಲಲ್ಲ.

"ಬೂಟು ಹಾಕಿದ್ರೆ ಸರಿ ಹೋಗುತ್ತೆ," ಅಂದ, ನನ್ನ ಮುಖ ನೋಡದೆ.

"ಹೂಂ," ಅಂದೆ. ಬೇಡ ಅಂತ ಹೇಳೋ ಧೈರ್ಯ ಯಾರಿಗಿದೆ? ಹೆಗಲು ಕೊಟ್ಟು ಕಾರಿಗೆ ಕೂರಿಸಿದೆ. ರಸ್ತೆ ಖಾಲಿ ಇತ್ತು. ಹಾಲಿವುಡ್ ಅನ್ನೋ ಹಳ್ಳಿ ದಾಟಿ ಮೇಲೆ ಹತ್ತುವಾಗ ಬೇಲಿ ಪಕ್ಕದ ಕುರಿಗಳ ಬೆನ್ನ ಮೇಲೂ ಇಬ್ಬನಿ ಬಿಳಿಯಾಗಿ ಕೂತಿತ್ತು. ಹರ್ಷ ತೊಡೆ ನೀವಿಕೊಳ್ತಾ, ಅಲ್ಲಿ ಕಾರು ನಿಲ್ಲಿಸು, ಮೂಗು ಬೆಟ್ಟದ ಕಡೆ ಇರಲಿ ಅಂತ ಹೇಳ್ತಾ ಬಂದ. ಅವನ ಜಾಗದಲ್ಲಿ ಬೇರೆ ಯಾರೇ ಇದ್ದಿದ್ರೂ ನಮಗೆಲ್ಲ ಬೈತಿದ್ದರು, ನಿನ್ನೆಯ ದಿನ ಎಲ್ಲ ಹಾಳು ಮಾಡಿದ್ದಕ್ಕೆ.

ಕಾರ್ ಪಾರ್ಕ್‌ನಲ್ಲಿ ನಾವಿಬ್ಬರೇ. ಬಿಳಿ ಪಟ್ಟಿ ನಿನ್ನೆಗಿಂತ ಸಣ್ಣದಾಗಿತ್ತು, ಆದರೆ ಗಾಜಿನ ಹಾಗೆ ಹೊಳೀತಿತ್ತು. ಅವನು ಬಿದ್ದ ಜಾಗದ ಗುಂಡಿ, ಎತ್ತಿದವರ ಹೆಜ್ಜೆಗಳು ಹಾಗೇ ಹೆಪ್ಪುಗಟ್ಟಿ ನಿಂತಿದ್ದವು. "ಇನ್ನೂ ಇಲ್ಲ. ಬಿಸಿಲು ಆ ಬಂಡೆ ದಾಟಬೇಕು," ಅಂದ. ಕಾರಲ್ಲೇ ಕಾದ್ವಿ. ಫ್ಲಾಸ್ಕಿನ ಟೀ ಕುಡಿದ್ವಿ. ಬಿಸಿಲು ಬಂಡೆ ದಾಟ್ತು. "ಬೂಟು ಹಾಕು," ಅಂದ.

ಹಾಕಿದೆ. ಒಂದೊಂದೇ ಕೊಂಡಿ ಬಿಗಿದೆ. ಅವನು ಕಾರಿನ ಬಾಗಿಲು ಹಿಡಿದು ಎದ್ದ. ಮಂಡಿ ಮಡಚಿಕೊಳ್ತು, ಸೀಟಿನ ಮೇಲೆ ಕೂತ. "ಇರು, ಸರಿಯಾಗಿ ಹಿಡ್ಕೊಂಡಿರಲಿಲ್ಲ," ಅಂದ. ಮತ್ತೆ ಎದ್ದ. ನಾನು ಸೊಂಟ ಹಿಡಿದಿದ್ದೆ. ಅವನ ಇಡೀ ಮೈಭಾರ ನನ್ನ ಕೈಗೆ ಬಂತು. ಆ ಬೂಟು ಪಾದವನ್ನ ಹಿಡಿದಿತ್ತು, ಅದರ ಮೇಲೆ ಹಿಡಿಯೋಕೆ ಏನೂ ಉಳಿದಿರಲಿಲ್ಲ. ಇನ್ನೊಂದು ಸಲ ನೋಡ್ತಾನೆ ಅಂದ್ಕೊಂಡೆ. ನೋಡಲಿಲ್ಲ. ಬಾಗಿಲ ಮೇಲಿಂದ ಕೈ ತೆಗೆದು ತೊಡೆ ಮೇಲೆ ಇಟ್ಕೊಂಡ.

"ಆಗಲ್ಲ ಅಕ್ಕ," ಅಂದ. ಗ್ರ್ಯಾಂಡ್ ಅನ್ನಲಿಲ್ಲ.

ನಾನು ಟಾರಿನ ಮೇಲೆ ಮಂಡಿ ಊರಿ ಅವನ ಬೂಟುಗಳ ಮೇಲೆ ತಲೆ ಇಟ್ಟು ಅತ್ತೆ. ನರ್ಸು, ಅಕ್ಕ, ಬಾಯಿಬಡುಕಿ, ಎಲ್ಲ ಹೋಯ್ತು. ನಿಂಬೆಹಣ್ಣಿಗೆ ಶಾಪ ಹಾಕಿದೆ, ಇಡ್ಲಿಗೆ ಶಾಪ ಹಾಕಿದೆ, ಒಂದು ದಿನ, ಒಂದೇ ಒಂದು ದಿನ ಮುಂಚೆ ಅಂತ ಅದೇ ಮಾತು ಮತ್ತೆ ಮತ್ತೆ ಹೇಳಿದೆ. ಅವನು ನನ್ನ ತಲೆ ಸವರಿದ. ಅವನ ಕೈಯಲ್ಲೂ ಹಿಂದಿನ ಬಲ ಇರಲಿಲ್ಲ. ಅದು ನನಗೆ ಅವತ್ತೇ ಮೊದಲು ಗೊತ್ತಾಗಿದ್ದು.

"ಅಕ್ಕ, ಏಳು. ಹೊತ್ತು ಹೋಗುತ್ತೆ. ಒಂದು ಕೆಲಸ ಮಾಡ್ತೀಯಾ? ಅಲ್ಲಿ ಹೋಗಿ ನಡಿ. ನನಗೆ ಸದ್ದು ಕೇಳಬೇಕು."

ಮಳೆಗಾಲದ ರಬ್ಬರ್ ಬೂಟು ಹಾಕ್ಕೊಂಡಿದ್ದೆ. ಹೋದೆ. ಕಾರಿನಿಂದ ಹತ್ತು ಮಾರು ದೂರ ಇರಬಹುದು. ಕಾಲಿಟ್ಟೆ, ಕಟಕಟ ಅಂತು. "ಇನ್ನೂ ಗಾಜು. ತಡಿ," ಅಂತ ಕೂಗಿದ. ಚಳಿಯಲ್ಲಿ ನಿಂತೆ. ಬಿಸಿಲು ಮೆಲ್ಲಗೆ ಬಿಳಿಯ ಮೇಲೆ ಹರಡ್ತಾ ಬಂತು. "ಈಗ ನಡಿ." ನಡೆದೆ. "ಇನ್ನೊಂದು ಸ್ವಲ್ಪ." ಮತ್ತೆ ನಿಂತೆ. ಮತ್ತೆ ನಡೆದೆ.

ಆಗ ಸದ್ದು ಬದಲಾಯ್ತು. ನನಗೂ ಕೇಳಿಸಿತು. ಕಾಲ ಕೆಳಗೆ ಸರಸರ, ಸರಸರ. ಬಗ್ಗಿ ಒಂದು ಹಿಡಿ ತಗೊಂಡೆ. ಬಿಡಿಬಿಡಿ ಕಾಳು, ಬೆರಳ ಸಂದಿಯಿಂದ ಉದುರಿತು. ಹುರಿದ ಬನ್ಸಿ ರವೆಯೇ. ಬೊಗಸೆ ತುಂಬಿ ಓಡಿ ಹೋಗಿ ಅವನ ಅಂಗೈಗೆ ಹಾಕಿದೆ. ಅವನು ಅದನ್ನ ಮೂಗಿನ ಹತ್ರ ಹಿಡಿದು, ಬೆರಳಾಡಿಸಿ ನೋಡಿದ. ಎಷ್ಟು ಸಂತೋಷ ಪಟ್ಟ ಅಂತೀರಿ. ಕಣ್ಣಲ್ಲಿ ನೀರು ಇಳೀತಾನೇ ಇತ್ತು.

"ಇದೇ ಅಕ್ಕ. ಇದೇ ನಾನು ಹೇಳ್ತಿದ್ದಿದ್ದು. ಇದಕ್ಕಿಂತ ಒಳ್ಳೆ ಹಿಮ ಆಸ್ಟ್ರಿಯಾದಲ್ಲೂ ಸಿಗಲ್ಲ. ಹೋಗು, ನಡೀತಿರು. ನಿಲ್ಲಿಸಬೇಡ."

ನಾನು ಹೋಗಿ ನಡೆದೆ. ಮೇಲೆ, ಕೆಳಗೆ, ಅವನು ಇಳಿಯಬೇಕಿದ್ದ ಜಾಗದಲ್ಲೆಲ್ಲ. ಅವನು ಕಾರಿನ ಬಾಗಿಲು ತೆಗೆದಿಟ್ಟುಕೊಂಡು, ಸ್ಕೀ ಬೂಟು ಹಾಕಿದ ಕಾಲುಗಳನ್ನ ಹೊರಗೆ ಇಳಿಬಿಟ್ಟು, ಕಣ್ಣು ಮುಚ್ಚಿ ಕೂತಿದ್ದ. ಒಂದೆರಡು ಸಲ ಅವನ ಹೆಗಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಫೋನು ಜೇಬಲ್ಲಿ ನಡುಗಿತು, ಭಾಸ್ಕರ ಇರಬೇಕು. ತೆಗೆಯಲಿಲ್ಲ. ಬಿಸಿಲು ಏರ್ತಾ ಬಂತು. ಬೂಟೊಳಗೆ ನನ್ನ ಬೆರಳು ಮರಗಟ್ಟಿದ್ದವು. ಕಾಲ ಕೆಳಗಿನ ಸದ್ದು ಮತ್ತೆ ಬದಲಾಗಕ್ಕೆ ಶುರುವಾಗಿದ್ದು ನನಗೆ ಅವನಿಗಿಂತ ಮೊದಲೇ ಗೊತ್ತಾಯ್ತು. ಎಲ್ಲಿ ಇನ್ನೂ ಗಟ್ಟಿ ಇದೆಯೋ ಅಲ್ಲಿ, ಬಂಡೆಯ ನೆರಳಿನ ಅಂಚು ಹುಡುಕಿ ಹುಡುಕಿ ಕಾಲಿಟ್ಟೆ. ಅದೂ ಮುಗೀತು. ಪಚಪಚ ಅಂತು.

"ಸಾಕು ಬಾ ಅಕ್ಕ," ಅಂತ ಹರ್ಷ ಕರೆದ. "ಇಳಿದಾಯ್ತು."

ನಾನು ಹೋಗಿ ಅವನ ಬೂಟಿನ ಕೊಂಡಿಗಳನ್ನ ಬಿಚ್ಚಿ, ಕಾಲುಗಳನ್ನ ಒಂದೊಂದಾಗಿ ಎತ್ತಿ ಕಾರಿನೊಳಗೆ ಇಟ್ಟು, ಬಾಗಿಲು ಹಾಕಿದೆ.